ಕೇಳಿಸಿದರೆ ಬೆರಳು ಎತ್ತಿ

ಎಲ್ಲಾ ನಲ್ಲಿನೂ ಒಟ್ಟಿಗೇ ಬಿಟ್ಟು ನೋಡಿ ಮೇಡಂ, ಸಂಕೋಚ ಮಾಡ್ಕೋಬೇಡಿ, ಎಂದ ಮನೆ ತೋರಿಸುತ್ತಿದ್ದವನು, ಮಾರಾಟಕ್ಕಿಟ್ಟಿರುವುದು ಅವನ ತಾಯಿಯ ಫ್ಲಾಟು, ಮಾತೆಲ್ಲ ಮಗನದು, ಗಂಡನ ಜೊತೆ ಮನೆ ನೋಡಲು ಬಂದಿದ್ದ ಅವಳು ಅಡುಗೆಮನೆಯದನ್ನೂ ಬಚ್ಚಲಿನದನ್ನೂ ತಿರುಗಿಸಿ ನಿಂತಳು, ನೀರು ದಪ್ಪಗೆ ಒಂದೇ ಸಮ ಬಿತ್ತು, ಪೈಪು ಗೊರಗುಟ್ಟಲಿಲ್ಲ, ಮೇಲಿನ ಮನೆಯಲ್ಲಿ ಯಾರೂ ಕುರ್ಚಿ ಎಳೆಯಲಿಲ್ಲ, ನಲ್ಲಿ ನಿಲ್ಲಿಸಿದ ಮೇಲೆ ಉಳಿದ ನಿಶ್ಶಬ್ದದಲ್ಲಿ ತನ್ನ ಕೈಗಡಿಯಾರದ ಮುಳ್ಳು ನಡೆಯುವುದೂ ಕೇಳಿಸಿತು — ಬೆಳಿಗ್ಗೆಯೇ ಅಕ್ಕ ಫೋನಿನಲ್ಲಿ ಪಾಠ ಒಪ್ಪಿಸಿದ್ದಳು, ಕಪಾಟಿನೊಳಗೆ ತಲೆ ಹಾಕಿ ಮೂಸು, ತೇವ ಇದ್ರೆ ಅಲ್ಲೇ ಗೊತ್ತಾಗತ್ತೆ, ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ರೆ ಅನುಮಾನ ಪಡು, ನೆಲದ ಮೇಲೊಂದು ಗೋಲಿ ಬಿಡು, ಟೈಲ್ಸು ತಟ್ಟು, ಕಾಗದಪತ್ರ ವಕೀಲರು ನೋಡೋವರೆಗೂ ಹೂಂ ಅನ್ನಬೇಡ, ಗಂಡನ್ನಂತೂ ಮುಖ ಮಾತ್ರ ನೋಡಿ ಕಟ್ಟಿಕೊಂಡೆ, ಮನೆನಾದ್ರೂ ಪೂರ್ತಿ ನೋಡಿ ತಗೋ — ಮೂಸಿದಳು, ಬರೀ ಮರದ ವಾಸನೆ, ಗೋಲಿ ಬಿಟ್ಟಳು, ಬಿಟ್ಟಲ್ಲೇ ಕೂತಿತು, ಟೈಲ್ಸು ಎಲ್ಲಿ ತಟ್ಟಿದರೂ ಗಟ್ಟಿ.

ಆದರೆ ಅವಳಿಗೆ ಬೇಕಾದದ್ದು ಒಂದೇ, ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಬಹುದಾದ ಕೋಣೆ, ಮೊದಲು ನೋಡಿದ ಫ್ಲಾಟಿನಲ್ಲಿ ಮಂಚದ ತಲೆಗೇ ಲಿಫ್ಟು, ಆಮೇಲಿನದರಲ್ಲಿ ಪಂಪು, ಇನ್ನೊಂದರಲ್ಲಿ ಪಕ್ಕದ ಮನೆಯ ಡ್ರಮ್ಮು, ಬಾರಿಸುವವನ ಅಮ್ಮ ಹೆಮ್ಮೆಯಿಂದ ಕರೆದು ತೋರಿಸಿದಳು ಬೇರೆ — ಗಂಡ ರಾತ್ರಿ ಬಸ್ಸಿನ ಡ್ರೈವರ್, ಹಗಲು ಮಲಗಬೇಕು, ಈಗಿರುವ ಬಾಡಿಗೆ ಮನೆಯಲ್ಲಿ ಅದು ಆಗದು, ಹೋದ ತಿಂಗಳು ಸ್ಟೇರಿಂಗ್ ಮೇಲೆ ಕೈ ಇದ್ದಂತೆಯೇ ಕಣ್ಣು ಅಂಟಿ, ಚಕ್ರ ಜಲ್ಲಿಗೆ ಇಳಿದ ಸದ್ದಿಗೆ ಎಚ್ಚರವಾಯಿತಂತೆ, ಹಿಂದೆ ಬಸ್ಸು ತುಂಬ ನನ್ನನ್ನ ನಂಬಿ ಮಲಗಿದ್ರು ಕಣೇ, ಎಂದ, ಅವಳೊಬ್ಬಳಿಗೆ ಹೇಳಿ ಕೈ ತೊಳೆದ, ಮತ್ತೆ ತೊಳೆದ, ಇನ್ನೊಮ್ಮೆ ಹಾಗಾದರೆ — ಇಲ್ಲ, ಆ ಯೋಚನೆಯ ಕೊನೆವರೆಗೂ ಅವಳು ಹೋಗುವುದಿಲ್ಲ, ಮಲಗೋ ಕೋಣೆ ಮಲಗಿಯೇ ನೋಡಬೇಕು ತಾನೆ, ಎಂದು ನಗುತ್ತ ಗಂಡ ಈ ಫ್ಲಾಟಿನ ಕೋಣೆಯ ಬರಿನೆಲದ ಮೇಲೆ ಕಾಲು ಚಾಚಿದ್ದಾನೆ, ಕೈಯೆರಡೂ ಎದೆಯ ಮೇಲೆ, ಎದ್ದೇಳ್ರೀ, ಅವರು ಏನಂದ್ಕೋತಾರೆ, ಎನ್ನಲು ಬಗ್ಗಿದಳು, ಅಷ್ಟರಲ್ಲಿ ನಿದ್ದೆ, ಹುಬ್ಬಿನ ಗಂಟು ಬಿಚ್ಚಿಕೊಂಡಿದೆ, ಈ ಮುಖ ಎಷ್ಟು ದಿನದಿಂದ ನೋಡಿರಲಿಲ್ಲ, ಸಾಕು, ಇದೇ ಮನೆ, ಅಕ್ಕ ಏನು ಬೇಕಾದರೂ ಅನ್ನಲಿ.

ಹಾಲ್‌ಗೆ ಬಂದರೆ ಮುದುಕಿ ಕುರ್ಚಿಯಲ್ಲಿ, ಕಿಟಕಿಗೆ ಬೆನ್ನು, ಬೋಳು ಗೋಡೆಗೆ ಮುಖ, ಅಮ್ಮನಿಗೆ ಕಿವಿ ಪೂರ್ತಿ ಹೋಗಿದೆ, ಪಟಾಕಿ ಹೊಡೆದ್ರೂ ತಿರುಗಲ್ಲ, ಎಂದ ಮಗ, ಆಗಲೇ ಕುರ್ಚಿಯ ತೋಳಿನಿಂದ ಮುದುಕಿಯ ತೋರುಬೆರಳು ಎದ್ದಿತು, ಅರ್ಧಕ್ಕೆ ನಿಂತಿತು, ಇಳಿಯಿತು — ಮನೆ ನೋಡಲು ಬಂದವಳ ಕೆಲಸವೇ ಕಿವಿ ಪರೀಕ್ಷೆ, ಆಸ್ಪತ್ರೆಯಲ್ಲಿ ದಿನವಿಡೀ ಅವಳು ನೋಡುವುದು ಇದನ್ನೇ, ಗಾಜಿನಾಚೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತವರು, ಈಚೆ ಸಣ್ಣ ಸಣ್ಣ ಶಬ್ದ ಕಳಿಸುವ ಇವಳು, ಕೇಳಿಸಿದರೆ ಬೆರಳು ಎತ್ತಿ, ನಿಜವಾಗಿ ಕೇಳಿಸಿತಾ ಅಂತ ಯೋಚಿಸಬೇಡಿ, ಅನಿಸಿದರೂ ಸಾಕು, ಎಷ್ಟು ಜನಕ್ಕೆ ಹೇಳಿದ್ದಾಳೋ, ಬರೀ ಮರ್ಯಾದೆಗೆ ಬೆರಳು ಎತ್ತುವವರೂ ಇದ್ದಾರೆ, ಅಂಥವರದು ಹೇಗೆಂದರೆ ಹಾಗೆ ಏಳುತ್ತದೆ, ಲಯವಿರದು, ನಿಜವಾಗಿ ಕೇಳಿಸಿದವರದು ಬೇರೆ, ಸದ್ದು ಸಣ್ಣದಾದರೆ ಬೆರಳು ಅನುಮಾನಿಸುತ್ತದೆ, ದೊಡ್ಡದಾದರೆ ನೆಟ್ಟಗೆ — ಮತ್ತೆ ಎದ್ದಿತು ಮುದುಕಿಯ ಬೆರಳು, ಈ ಸಲ ಅನುಮಾನ ಕಡಿಮೆ.

ಆ ಗೋಡೆ ಆಚೆ ಯಾರಿದ್ದಾರೆ, ಎಂದಳು, ಯಾರೂ ಇಲ್ಲ ಮೇಡಂ, ಕಟ್ಟಡ ಅಲ್ಲಿಗೇ ಮುಗೀತು, ಆಚೆ ಬರೀ ಗಾಳಿ, ಎಂದ, ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದಳು, ಹೌದು, ಗೋಡೆ ನೇರವಾಗಿ ಕೆಳಗಿಳಿದಿತ್ತು, ಪೈಪಿಲ್ಲ, ತಂತಿಯಿಲ್ಲ, ಒಂದು ಪಾರಿವಾಳವೂ ಇಲ್ಲ, ವಾಪಸು ಬಂದು ಗೋಡೆಗೆ ಕಿವಿ ಹಚ್ಚಿದಳು, ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಚುರುಕು ಕಿವಿ ಎಂದು ಹೆಸರು ತನ್ನದು, ಏನೂ ಇಲ್ಲ, ಪಕ್ಕದಲ್ಲೇ ಬೆರಳು ನೆಟ್ಟಗೆ ನಿಂತಿತು, ಹಾಗಿದ್ದರೆ ಸದ್ದು ದೊಡ್ಡದಾಗಿದೆ, ಹತ್ತಿರ ಬರುತ್ತಿದೆ, ಏನು ಹತ್ತಿರ ಬರುತ್ತಿದೆ, ಛೆ, ಹುಚ್ಚಿ — ನಿಮ್ಮ ಅಮ್ಮ ಯಾವಾಗಿಂದ ಹೀಗೆ ಬೆರಳು, ಓ ಅದಾ, ಚಟ ಮೇಡಂ, ಮೊದಮೊದಲು ಯಾವಾಗಲೋ ಒಂದ್ಸಲ, ಈಗೀಗ ಜಾಸ್ತಿ, ಅಪ್ಪನೂ ಇಲ್ಲಿ ಕೂತು ಕೊನೆಕೊನೆಗೆ ಹಾಗೇ ಮಾಡ್ತಿದ್ರು, ಗಂಡ ಹೆಂಡತಿ ಅಲ್ವಾ, ಒಬ್ಬರದು ಒಬ್ಬರಿಗೆ ಅಂಟತ್ತೆ, ಎಂದು ನಕ್ಕ, ನೀವೂ ಇಲ್ಲೇ ಇರ್ತೀರಾ, ಎಂದಳು, ಅಯ್ಯೋ ನಾನಾ, ನನ್ನ ಮನೆ ಬೇರೆ, ನಂಗೆ ಇಲ್ಲಿ ನಿದ್ದೆ ಬರಲ್ಲ, ಏನಂತೀರಿ ಮೇಡಂ, ಸಂಜೆ ನೋಡೋಕೆ ಬರೋರಿಗೆ ಬೇಡ ಅಂದುಬಿಡ್ಲಾ?

ತಡೀರಿ, ಇವರನ್ನ ಎಬ್ಬಿಸ್ತೀನಿ, ಎಂದು ಕೋಣೆಯ ಬಾಗಿಲಿಗೆ ಬಂದಳು, ಅಲ್ಲಿ ನಿಂತರೆ ಈಚೆ ಮುದುಕಿ, ಆಚೆ ಗಂಡ, ಇಬ್ಬರೂ ಕಾಣುತ್ತಾರೆ, ಮನೆಯಲ್ಲಿ ಲೋಪ ಏನು ಅಂತ ಹೇಳೋದು, ಅಕ್ಕ ಕೇಳಿದರೆ, ನೀರಿದೆ, ಬೆಳಕಿದೆ, ನೆಲ ಮಟ್ಟಸ, ಒಂದು ಬೆರಳಿಗೆ ಹೆದರಿ ಬಿಟ್ಟುಬಂದೆ ಎಂದರೆ ಜನ್ಮವಿಡೀ ಆಡಿಕೊಳ್ಳುತ್ತಾಳೆ, ಬಿಟ್ಟರೆ ಮತ್ತೆ ಆ ಬಾಡಿಗೆ ಮನೆ, ಮತ್ತೆ ಆ ಕೆಂಪು ಕಣ್ಣು, ರಾತ್ರಿ ಮತ್ತೆ ಸ್ಟೇರಿಂಗು — ರೀ, ಏಳಿ, ಹೋಗೋಣ, ಎಂದಳು, ಇನ್ನೊಂದು ಸ್ವಲ್ಪ ಹೊತ್ತು ಕಣೇ, ಎಂದ ಕಣ್ಣು ತೆರೆಯದೆ, ಏಳಿ ಅಂದ್ರೆ, ಹ್ಞೂಂ, ಎಂದ, ಉಸಿರು ಮತ್ತೆ ಆಳಕ್ಕೆ ಹೋಯಿತು, ಅವಳು ಉಸಿರು ಬಿಗಿಹಿಡಿದು ಕಿವಿಗೊಟ್ಟಳು, ಏನೂ ಇಲ್ಲ, ಏನೇನೂ ಇಲ್ಲ, ಹಾಲ್‌ನಲ್ಲಿ ಮುದುಕಿಯ ಬೆರಳು ಎದ್ದಿತು, ಅದೇ ಕ್ಷಣಕ್ಕೆ ಕೋಣೆಯೊಳಗೆ, ನಿದ್ದೆಯಲ್ಲಿದ್ದ ಗಂಡನ ಎದೆಯ ಮೇಲೆ, ಅವನದೂ, ಅರ್ಧಕ್ಕೆ, ಅನುಮಾನಿಸುತ್ತ