ಎಡಗಡೆಯ ಸ್ಟ್ಯಾಂಡು

ಮೊದಲ ಏಟಿಗೇ ತಮ್ಮ ಚಿಕ್ಕರಾಜುವಿನ ಮುಂಗೈ ಮುರಿಯಿತು. ಆ ಸದ್ದು ಮಾಯಣ್ಣನಿಗೂ ಕೇಳಿಸಿತು. ಆದರೂ ಗುದ್ದಲಿ ಕಾವನ್ನು ಮತ್ತೆ ಎತ್ತಿದ.

"ಔಸ್ದಿ ಹೊಡೆಯಕ್ ಮುಂಚೆ ಒಂದ್ ಮಾತು ಯೋಳಕ್ಕೆ ನಿನ್ ಬಾಯ್ಗೇನಾಗಿತ್ಲಾ? ನನ್ ಹುಳವೆಲ್ಲ ಸತ್ತೋದ್ವಲ್ಲೋ!"

ಬದುವಿನ ಈಚೆ ಅಣ್ಣನ ಹಿಪ್ಪುನೇರಳೆ, ಆಚೆ ತಮ್ಮನ ಟೊಮೆಟೊ. ಆಚೆ ಹೊಡೆದ ಔಷಧಿ ಗಾಳಿಗೆ ಈಚೆ ಬಂದು ಸೊಪ್ಪಿಗೆ ತಾಗಿದರೆ ರೇಷ್ಮೆಹುಳ ಉಳಿಯುವುದಿಲ್ಲ.

"ನಾನ್ ಹೊಡ್ದೇ ಇಲ್ಲ ಕಣಣ್ಣೋ! ಪಂಪು ಕೆಟ್ಟೋಗಿ ಕೋಡಿಹಳ್ಳೀಲಿ ರಿಪೇರಿಗೆ ಬುಟ್ಟಿವ್ನಿ. ಬೇಕಾದ್ರೆ ವಿಚಾರ್ಸು..."

"ವಿಚಾರ್ಸದ್ ಬೇರೆ ಕೇಡು ನಿಂಗೆ!"

ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ಚಿಕ್ಕರಾಜು ಟೊಮೆಟೊ ಸಾಲಿನ ಮೇಲೆ ಮಗುಚಿದ. ಗಿಡಗಳಿಗೆ ನಿಲ್ಲಿಸಿದ್ದ ಕೋಲುಗಳೂ ಜೊತೆಗೇ ಉರುಳಿದವು. ಬಿದ್ದವನ ಪಕ್ಕೆಗೆ ಇನ್ನೊಂದು. ಅವನು ಸರಿಯಿದ್ದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡನೇ ಹೊರತು ಅಣ್ಣನ ಮೇಲೆ ಎತ್ತಲಿಲ್ಲ. ಅವನ ಹೆಂಡತಿ ವನಜಾಕ್ಷಿ ಓಡಿಬಂದು ಗಂಡನ ಮೈಮೇಲೆ ಬಿದ್ದಳು.

"ನನ್ನೂ ಹೊಡ್ದಾಕ್ಬುಡು ಬಾವ!"

ಕಾವು ಮೇಲೆತ್ತಿದಲ್ಲೇ ನಿಂತಿತು.

ಚಿಕ್ಕರಾಜುವನ್ನು ಮಲಗಿಸಿಕೊಂಡ ಆಟೊ ಕನಕಪುರದ ಕಡೆ ಹೋಗಿ ಬಹಳ ಹೊತ್ತಾದ ಮೇಲೆ ಮಾಯಣ್ಣ ಕೊಟ್ಟಿಗೆಯ ಪಕ್ಕದ ನಲ್ಲಿಯಲ್ಲಿ ಕೈ ತೊಳೆದ. ಉಗುರ ಸಂದಿಯ ರಕ್ತ ಸುಲಭಕ್ಕೆ ಬಿಡಲಿಲ್ಲ. ಸೋಪು ಹುಡುಕಿದ. ಕಲ್ಲಿನ ಮೇಲೆ ನಿನ್ನೆ ಸಂಜೆ ಹಸುಗಳ ಮೈಗೆ ಹತ್ತಿದ ಉಣ್ಣಿ ಸಾಯಿಸುವ ಔಷಧಿ ಕಲಸಿದ್ದ ಬಕೆಟ್ಟು, ಬಳಿದ ಬಟ್ಟೆ ಹಾಗೇ ಇದ್ದವು. ಪಕ್ಕದಲ್ಲಿ ಹೊಸ ಸೋಪು, ಕಾಗದ ಬಿಚ್ಚಿರಲೇ ಇಲ್ಲ. ಅವನು ಅದನ್ನು ನೋಡುತ್ತ ನಿಂತ.

"ಒಸಿ ಇತ್ತಗ್ ಬನ್ನಿ" ಎಂದು ಹೆಂಡತಿ ಸರಸಮ್ಮ ಹುಳದ ಮನೆಯಿಂದ ಕೂಗಿದಳು.

ಎಡಗಡೆಯ ಸ್ಟ್ಯಾಂಡಿನಲ್ಲಿ, ಇನ್ನೇನು ಗೂಡು ಕಟ್ಟಬೇಕಿದ್ದ ಹುಳಗಳು ಹಸಿರು ಕಕ್ಕಿ ತಿರುಚಿಕೊಂಡು ಸತ್ತಿದ್ದವು. ಬೆಳಿಗ್ಗೆ ಬಾಗಿಲು ತೆಗೆದಾಗ ಮಾಯಣ್ಣ ನೋಡಿದ್ದು ಅಷ್ಟನ್ನೇ. ಅಲ್ಲಿಂದಲೇ ಕಾವು ಹಿಡಿದು ಓಡಿದ್ದ. ಬಲಗಡೆಯವು ಸೊಪ್ಪಿಗಾಗಿ ತಲೆಯೆತ್ತಿ ಆಡಿಸುತ್ತಿದ್ದವು.

"ಎಲ್ಡ್ ಕಡೀಕೂ ಒಂದೇ ತೋಟದ್ ಸೊಪ್ಪು. ನೆನ್ನೆ ಬಲಗಡೀಕೆ ನಾನ್ ಹಾಕ್ದೆ. ಎಡಗಡೀಕೆ ನೀವು." ಅವಳು ಗಂಡನ ಕೈ ನೋಡಿದಳು. "ಹಸ್ಗೊಳ್ಗೆ ಔಸ್ದಿ ಬಳುದ್ರಲ್ಲ ನೆನ್ನೆ, ಕೈ ತೊಳ್ಕಂಡ್ರಾ?"

"ಮೋಡ ಕವುದಿತ್ತು. ಸೊಪ್ಪು ನೆಂದೋಯ್ತದೆ ಅಂತ ಹಂಗೇ ಓಡ್ದೆ..."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ವನಜಾಕ್ಷಿ. ಸರಸಮ್ಮ ಕೇಳಿಸಿಕೊಂಡು ಫೋನು ಇಟ್ಟಳು.

"ಆ ಕಿವಿ ಕೇಳುಸ್ತಿಲ್ವಂತೆ. ಗಾಡಿಯಿಂದ ಬಿದ್ದೆ ಅಂತ ಡಾಕ್ಟ್ರುಗ್ ಯೋಳವ್ನಂತೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಣ್ಣನ್ ಹುಳ ಒಸಿಯಾದ್ರೂ ಉಳುದ್ವಾ ಕೇಳು ಅಂದ್ನಂತೆ."

ಸೊಪ್ಪು ಹಾಕುವ ಹೊತ್ತು ಮೀರಿತ್ತು. ಮೂಟೆ ಬಿಚ್ಚಲು ಬಗ್ಗಿದ ಮಾಯಣ್ಣ ತಟ್ಟನೆ ಹಿಂದೆ ಸರಿದ. ಸರಸಮ್ಮನೇ ಬಿಚ್ಚಿ ಬಲಗಡೆಗೆ ಸೊಪ್ಪು ಹರವತೊಡಗಿದಳು. ಅವನು ಬಾಗಿಲಾಚೆ, ಎರಡೂ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದು ನಿಂತಿದ್ದ. ಬೆರಳ ತುದಿಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.