ವನಮಾಲಾ ಹೋದ ದಾರಿ

ಸೀತು ಬೀಡಿ ಎಲೆಯ ಮೇಲೆ ತಗಡಿನ ಅಚ್ಚು ಇಟ್ಟು ಕತ್ತರಿ ಆಡಿಸುತ್ತಿದ್ದಳು. ನೆನೆಸಿ ಹಿಂಡಿದ ಎಲೆ ಬೆಳಗ್ಗಿನ ಹೊತ್ತು ಹೇಳಿದ ಮಾತು ಕೇಳುತ್ತದೆ. ಬಿಸಿಲೇರಿತೆಂದರೆ ಅಂಚು ಸಿಡಿಯಲು ತೊಡಗುತ್ತದೆ. ಅದಕ್ಕೇ ಜೈನಬಮ್ಮನ ಜಗಲಿಯ ಹೆಂಗಸರು ಮೊದಲು ಎಲೆ ಕತ್ತರಿಸಿ ಮುಗಿಸಿ, ಆಮೇಲೆ ಗೆರಸೆಯನ್ನು ಮಡಿಲಿಗೆಳೆದುಕೊಂಡು ಸುತ್ತಲು ಕೂರುತ್ತಿದ್ದರು. ಸುತ್ತುವಾಗ ಕೈಗೆ ಕೆಲಸವುಂಟು, ಕಿವಿಗೆ ಇಲ್ಲ. ಆ ಕಿವಿಗಳಿಗಾಗಿ ಸೀತು ಓದಬೇಕು.

ಕೋಡಿಂಬಾಳದ ಆ ಜಗಲಿಯಲ್ಲಿ ಅಕ್ಷರ ಬಲ್ಲವಳು ಅವಳೊಬ್ಬಳೇ. ಗಂಡ ತೀರಿಕೊಂಡು, ತಲೆ ನರೆಯತೊಡಗಿದ ಮೇಲೆ, ದೊಡ್ಡವರಿಗೆಂದು ನಡೆಸಿದ ರಾತ್ರಿ ಶಾಲೆಗೆ ಲಾಟೀನು ಹಿಡಿದುಕೊಂಡು ಹೋಗಿ ಕಲಿತದ್ದು. ಅವಳು ವಾರಪತ್ರಿಕೆಯ ಧಾರಾವಾಹಿ ಓದುವಷ್ಟು ಹೊತ್ತು ಅವಳ ಪಾಲಿನ ಬೀಡಿಯನ್ನು ಉಳಿದವರು ಸುತ್ತಿ ಅವಳ ಗೆರಸೆಗೆ ಹಾಕುತ್ತಿದ್ದರು. ಯಾರೂ ಮಾತಾಡಿ ಮಾಡಿಕೊಂಡ ಕರಾರಲ್ಲ ಅದು, ತಾನಾಗಿ ಆದದ್ದು.

"ಎಂತ ಸೀತು, ಇವತ್ತು ನಿನ್ನ ಕತ್ತರಿಗೆ ಜ್ವರವಾ?" ಎಂದಳು ಜೈನಬಮ್ಮ. "ವನಮಾಲಾ ಆ ಆಶ್ರಮಕ್ಕೆ ಮುಟ್ಟಿದ ಮೇಲೆ ಎಂತಾಯ್ತು ಅಂತ ನನಗೆ ನಿದ್ದೆ ಇಲ್ಲ. ಬೇಗ ಮುಗಿಸು ಮಾರಾಯ್ತಿ."

"ಊರ್ಮಿಳಾ ಬರಲಿ."

"ಅವಳು ಬರಲಿಲ್ಲ ಅಂತ ವನಮಾಲಾ ಗೇಟಿನಲ್ಲೇ ನಿಲ್ಲುದಾ?"

ಹೆಂಗಸರು ನಕ್ಕರು. ಸೀತು ನಗಲಿಲ್ಲ. ಊರ್ಮಿಳಾ ಕೂರುವ ಕಂಬದ ಬದಿ ಖಾಲಿ ಇತ್ತು. ಆ ಹುಡುಗಿ ಮಂಡೆಕೋಲಿನಿಂದ ಮದುವೆಯಾಗಿ ಬಂದವಳು. ಗಂಡ ದೇವದಾಸ, ಗಂಡನ ಅಣ್ಣ ತ್ಯಾಂಪಣ್ಣ. ಊರಿಗೆಲ್ಲ ಎಲೆ, ಹೊಗೆಸೊಪ್ಪಿನ ಹುಡಿ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚು ಈ ತ್ಯಾಂಪಣ್ಣನದು. ಶಿವರಾತ್ರಿಯ ಆಚೀಚೆ ದೇವದಾಸ ಅವಳ ಬಲಗೈಯ ಬೆರಳು ಮುರಿದಿದ್ದ. ಅಂದಿನಿಂದ ಅವಳು ಉಳಿದ ಬೆರಳುಗಳಲ್ಲೇ ಸುತ್ತುತ್ತಿದ್ದಳು. ಯಾರು ಕೇಳಿದರೂ ಬಾವಿಕಟ್ಟೆಯಲ್ಲಿ ಬಿದ್ದದ್ದು ಎನ್ನುತ್ತಿದ್ದಳು.

ಅಷ್ಟರಲ್ಲಿ ಅಂಗಳಕ್ಕೆ ದೇವದಾಸನೇ ಬಂದ. ಅವನು ಕೂಗಿ ಮಾತಾಡುವವನಲ್ಲ. ಹೆಂಗಸರಿಗೆ ಅವನ ಹೆದರಿಕೆ ಇದ್ದದ್ದೇ ಆ ಮೆಲ್ಲನೆಯ ಮಾತಿನಿಂದ.

"ಊರ್ಮಿಳಾ ಇಲ್ಲಿಗೆ ಬಂದಿದ್ದಾಳಾ?"

"ಇಲ್ಲಪ್ಪ. ಯಾಕೆ?" ಎಂದಳು ಜೈನಬಮ್ಮ.

"ಡೈರಿಗೆ ಹಾಲು ಕೊಡ್ಲಿಕ್ಕೆ ಅಂತ ಹೋದವಳು. ಹಾಲಿನ ಕ್ಯಾನು ಮೋರಿಯ ಹತ್ತಿರ ಉಂಟು, ಅವಳಿಲ್ಲ. ತಂಗಿಯ ಬಾಣಂತನಕ್ಕೆ ಹೋಗುದು ಅಂತ ಮೋರಿಯ ಹತ್ತಿರ ಯಾರಲ್ಲಿಯೋ ಹೇಳಿದಳಂತೆ. ಅವಳಿಗೆ ಎಲ್ಲಿಯ ತಂಗಿ?" ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. "ನಾನು ಕಡಬ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸ್ತೇನೆ. ಸಿಕ್ಕಿದರೆ ಇನ್ನು ಅವಳಿಗೆ ನಡೆಯುವ ಕೆಲಸ ಇಲ್ಲ."

ಅವನು ಹೋದ ಮೇಲೂ ಸೀತುವಿನ ಕತ್ತರಿ ಅರ್ಧ ಎಲೆಯಲ್ಲೇ ನಿಂತಿತ್ತು. ಡೈರಿಯ ನೆವ, ಮೋರಿಯ ಬಳಿ ಬಿಟ್ಟ ಕ್ಯಾನು, ಇಲ್ಲದ ತಂಗಿಯ ಬಾಣಂತನ. ಎಲ್ಲ ವನಮಾಲಾಳ ಕತೆಯಲ್ಲಿ ಸೀತುವೇ ಬರೆದದ್ದು.

ಕಡಬದ ಬಸ್‌ಸ್ಟ್ಯಾಂಡಿನಿಂದ ಪತ್ರಿಕೆ ತರುವವಳು ಸೀತುವೇ. ಜಗಲಿಯಲ್ಲಿ ಓದುವ ಮೊದಲು ಒಮ್ಮೆ ತಾನು ಓದಿಕೊಳ್ಳುವಳು. ಎರಡು ವರ್ಷದ ಹಿಂದೆ ಶಿರಾಡಿ ಘಾಟಿ ಕುಸಿದು ಪತ್ರಿಕೆ ಬಾರದ ಒಂದು ವಾರ, ಹೆಂಗಸರ ಮುಖ ಬಾಡಿದ್ದು ನೋಡಲಾಗದೆ ಹಳೆಯ ಸಂಚಿಕೆಯನ್ನೇ ಮುಂದೆ ಹಿಡಿದುಕೊಂಡು ಹೊಸ ಕಂತನ್ನು ಬಾಯಿಗೆ ಬಂದಂತೆ ಓದಿದ್ದಳು. ಅಂದು ಅವಳ ಗೆರಸೆಗೆ ಬಿದ್ದ ಬೀಡಿ ಎಂದಿಗಿಂತ ಹೆಚ್ಚು. ಆಮೇಲೆ ಅದೊಂದು ಚಟವೇ ಆಯಿತು. ಹುಡಿ ಕಟ್ಟಿಕೊಟ್ಟ ಕಾಗದವನ್ನು ನೀವಿ, ಅದರಲ್ಲಿ ಬರೆದು, ಪತ್ರಿಕೆಯ ನಡುವೆ ಇಟ್ಟು ಓದುವುದು. ಮೂರು ಧಾರಾವಾಹಿಯೆಂದರೆ ಅವಳಿಗೆ ಪ್ರಾಣ. ಕುಂಟುಗಾಲಿನ ಪತ್ತೇದಾರನದೊಂದು, ಎಸ್ಟೇಟ್ ಬಂಗಲೆಯ ಅವಳಿ ಅಕ್ಕತಂಗಿಯರದೊಂದು, ಮತ್ತೆ ಈ ವನಮಾಲಾಳದು. ವರ್ಷ ವರ್ಷ ಹೊಸವರ್ಷದ ಬಿಸುವಿನ ಬೆಳಗ್ಗೆ ದೇವರ ಮುಂದಿಟ್ಟ ಹಣ್ಣುಕಾಯಿಯ ಕಣಿ ನೋಡಿ ಅಡ್ಡಬೀಳುವಾಗ ಬೇರೆಯವರು ದನಕರು, ಮಕ್ಕಳುಮರಿ ಅಂತ ಬೇಡಿಕೊಂಡರೆ ಸೀತುವಿನ ಬೇಡಿಕೆಯೇ ಬೇರೆ. ಈ ವರ್ಷ ಆ ಪತ್ತೇದಾರನಿಗೆ ಬಿಸಿ ಗಂಜಿ ಬಡಿಸುವ ಒಬ್ಬಳನ್ನು ತರಬೇಕು. ಅವಳಿಗಳಿಗೆ ಒಬ್ಬರಿಗೊಬ್ಬರ ಗುರುತು ಹಿಡಿಸಬೇಕು. ವನಮಾಲಾಳನ್ನು ಆ ಹೊಡೆಯುವ ಗಂಡನ ಮನೆಯಿಂದ ಬಿಡಿಸಬೇಕು.

ಬಿಸು ಕಳೆದು ತಿಂಗಳಾಗಿತ್ತು. ಮೂರನೆಯ ಬೇಡಿಕೆಯನ್ನು ಕಳೆದ ವಾರವಷ್ಟೇ ತಾನೇ ಬರೆದು ನಡೆಸಿಕೊಟ್ಟಿದ್ದಳು. ವನಮಾಲಾ ಹಾಲಿನ ನೆವದಲ್ಲಿ ಹೊರಟು, ಗುಂಡ್ಯಕ್ಕೆ ಹೋಗಿ, ಘಾಟಿ ಹತ್ತುವ ಬಸ್ಸು ಹಿಡಿದು, ಮೇಲೆ ಒಬ್ಬ ಟೀಚರಮ್ಮ ನಡೆಸುವ ಆಶ್ರಮ ಸೇರಿದಳು. ಗೇಟಿನಲ್ಲಿ ಕೆಂಪು ಹೂವಿನ ಮರ. ಅಲ್ಲಿ ಯಾರನ್ನೂ ಯಾಕೆ ಬಂದೆ ಎಂದು ಕೇಳುವುದಿಲ್ಲ. ಊರ್ಮಿಳಾ ಅಂದು ಸುತ್ತುವುದು ಬಿಟ್ಟು ಕೇಳಿದ್ದಳು.

ಆದರೆ ಸೀತುವಿನ ತಪ್ಪು ಕತೆಯೊಂದೇ ಅಲ್ಲ. ಬೆರಳು ಮುರಿದ ವಾರ ಊರ್ಮಿಳಾ ಎಲೆ ನೆನೆಸುವ ನೆವದಲ್ಲಿ ಬಂದು, "ಸೀತಕ್ಕ, ಮಂಡೆಕೋಲಿಗೆ ನನ್ನ ಅಣ್ಣ ಕಿಟ್ಟಣ್ಣನಿಗೊಂದು ಕಾಗದ ಬರೀರಿ. ಬಂದು ಕರ್ಕೊಂಡು ಹೋಗಲಿಕ್ಕೆ ಹೇಳಿ," ಎಂದಿದ್ದಳು. ಅಂಚೆಯ ಇನ್‌ಲ್ಯಾಂಡ್ ಕಾಗದದಲ್ಲಿ ಬರೆದೂ ಆಗಿತ್ತು. ಹಾಕುವುದೆಲ್ಲಿ? ಅಂಚೆ ಡಬ್ಬ ತೂಗುವುದು ತ್ಯಾಂಪಣ್ಣನ ಬ್ರಾಂಚಿನ ಕಂಬದಲ್ಲಿ. ಪೋಸ್ಟಿನವನು ಕಾಗದ ವಿಂಗಡಿಸುವುದು ತ್ಯಾಂಪಣ್ಣನ ಮೇಜಿನ ಮೇಲೆ. ಕಡಬದಲ್ಲಿ ಹಾಕೋಣವೆಂದರೆ ಅಲ್ಲಿಯ ಪೋಸ್ಟಾಫೀಸಿನಲ್ಲೂ ಅವನ ಗುರುತಿನವರೇ. ಸೀತುವಿನ ಅಕ್ಷರ ಅವನಿಗೆ ಗೊತ್ತು. ಎಲೆ ಇಲ್ಲ ಎಂದು ಅವನು ಒಂದು ಮಾತು ಹೇಳಿದರೆ ಸೀತುವಿನ ಒಲೆ ಉರಿಯುವುದಿಲ್ಲ. ನಾಳೆ, ನಾಡಿದ್ದು ಎಂದು ದೂಡಿದಳು. ಕೊನೆಗೆ ಹುಡುಗಿ ಕೇಳಿದಾಗ, "ಹಾಕಿ ಆಯ್ತು," ಎಂದುಬಿಟ್ಟಳು. ಆಮೇಲೆ ಊರ್ಮಿಳಾ ಅಣ್ಣನ ದಾರಿ ಕಾದಳು. ಅವನು ಬರಲಿಲ್ಲ. ಆ ಮುಖ ನೋಡಲಾಗದೆ ಸೀತು ಕಾಗದದ ಬದಲಿಗೆ ಕತೆ ಕೊಟ್ಟಳು.

ಜೈನಬಮ್ಮನನ್ನು ಅಡಿಗೆಮನೆಯ ಒಳಕ್ಕೆ ಕರೆದು ಎಲ್ಲ ಹೇಳಿದಳು. ಜೈನಬಮ್ಮ ಎಲೆಯಡಿಕೆ ಅಗಿಯುವುದು ನಿಲ್ಲಿಸಿದಳು.

"ಆಶ್ರಮ ಇಲ್ವಾ?"

"ಇಲ್ಲ."

"ಹಾಗಾದರೆ ವನಮಾಲಾ ಇನ್ನೂ ಆ ಮನೆಯಲ್ಲೇ ಇದ್ದಾಳಾ?"

"ಪತ್ರಿಕೆಯಲ್ಲಿ ಅವಳು ಗಂಡನ ಕಾಲು ಹಿಡಿದು ತಪ್ಪಾಯಿತು ಅಂದಳು."

"ಯಾರು ಹೇಳಿದ್ದು ಅವಳಿಗೆ ಹಿಡೀಲಿಕ್ಕೆ?" ಜೈನಬಮ್ಮನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಮತ್ತೆ ತಲೆಗೆ ಬಟ್ಟೆ ಎಳೆದುಕೊಂಡಳು. "ಗುಂಡ್ಯದಲ್ಲಿ ನನ್ನ ತಂಗಿ ಹವ್ವಮ್ಮ ಇದ್ದಾಳೆ, ಅವಳ ಮಗ ಸಲಾಮನ ಚಾದಂಗಡಿ ಬಸ್ಸು ನಿಲ್ಲುವಲ್ಲೇ ಉಂಟು. ನಡಿ. ಆ ಕಾಗದವನ್ನೂ ತಕೊ."

ಬಸ್ಸಿನಲ್ಲಿ ಸೀತುವಿಗೆ ಕೂತಲ್ಲಿ ಕೂರಲಾಗಲಿಲ್ಲ. ತಾನು ಬರೆದ ಘಾಟಿಯಲ್ಲಿ ತಂಪು ಗಾಳಿ ಇತ್ತು, ಒಳ್ಳೆಯ ಕಂಡಕ್ಟರ್ ಇದ್ದ, ಕಿಟಕಿಯ ಬದಿಯ ಸೀಟಿತ್ತು. ನಿಜವಾದ ಘಾಟಿಯಲ್ಲಿ ಕಾಡು, ಆಳದಲ್ಲಿ ಹರಿಯುವ ತೋಡು, ಬ್ರೇಕಿಗೆ ನೀರು ಹಾಕಲು ನಿಲ್ಲುವ ಲಾರಿಗಳು. ಅದೊಂದನ್ನೂ ಅವಳು ಬರೆದಿರಲಿಲ್ಲ. ಹೆದರಿಕೆಯಾಗುವುದನ್ನೆಲ್ಲ ತಾನೇ ಅಳಿಸಿ ಹುಡುಗಿಯನ್ನು ಕಳಿಸಿದ್ದೇನೆ ಎಂದು ಅವಳಿಗೆ ಅನಿಸಿತು.

ಗುಂಡ್ಯದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲಿಗೆ ಡಾಮರು ಮೆತ್ತಗಾಗಿತ್ತು. ಸಲಾಂ ಗ್ಲಾಸು ತೊಳೆಯುತ್ತಿದ್ದವನು ದೊಡ್ಡಮ್ಮನನ್ನು ಕಂಡು ಎದ್ದ.

"ಬೆಳಗ್ಗಿನಿಂದ ಒಂದು ಹುಡುಗಿ ಇಲ್ಲಿ ಕೂತಿದ್ದಾಳೆ ದೊಡ್ಡಮ್ಮ. ಮೇಲೆ ಹೋಗುವ ಬಸ್ಸಿಗೆಲ್ಲ ಕೈ ತೋರಿಸಿ ಯಾವುದೋ ಆಶ್ರಮ ಕೇಳುದು. ಯಾವ ಕಂಡಕ್ಟರಿಗೂ ಗೊತ್ತಿಲ್ಲ. ಮನೆಯಲ್ಲಿ ನನ್ನ ಉಮ್ಮನ ಹತ್ತಿರ ಬಾ ಅಂದೆ, ಬರುದಿಲ್ಲ. ಈಗ ಒಬ್ಬ ಲಾರಿಯವ ನನಗೆ ಗೊತ್ತುಂಟು ಅಂತ..."

ಅವನು ಕೈ ತೋರಿಸಿದಲ್ಲಿ ರಸ್ತೆಯ ಆಚೆ ಲಾರಿ ಗುಡುಗುಟ್ಟುತ್ತಿತ್ತು. ಊರ್ಮಿಳಾ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಾಗಿತ್ತು. ಸೀತು ಬಿಸಿಲೂ ನೋಡಲಿಲ್ಲ, ಬರುವ ಗಾಡಿಯನ್ನೂ ನೋಡಲಿಲ್ಲ. ಓಡಿ ಹೋಗಿ ಅವಳ ಸೆರಗು ಹಿಡಿದಳು.

ಊರ್ಮಿಳಾ ಬೆಚ್ಚಿ ತಿರುಗಿದಳು. ಸೀತುವನ್ನು ಕಂಡು ಮುಖ ಅರಳಿತು. "ಇವರಿಗೆ ಗೊತ್ತುಂಟಂತೆ ಸೀತಕ್ಕ. ಟೀಚರಮ್ಮನ ಆಶ್ರಮ. ಗೇಟಿನಲ್ಲಿ ಕೆಂಪು ಹೂವಿನ ಮರ ಇರುವುದಲ್ವಾ, ಅದೇ ಅಂತ ಹೇಳಿದರು."

ಸೀತು ತಲೆ ಎತ್ತಿ ಲಾರಿಯೊಳಗೆ ನೋಡಿದಳು. ಆಸಾಮಿ ಬೀಡಿ ಕಚ್ಚಿಕೊಂಡು ನಗುತ್ತಿದ್ದ.

"ಇಳಿ ಮಗಾ. ಅಲ್ಲಿ ಅಂಥ ಮರ ಇಲ್ಲ. ಆಶ್ರಮವೂ ಇಲ್ಲ. ಅದು ನಾನು ಬರೆದದ್ದು."

"ಪತ್ರಿಕೆಯಲ್ಲಿ..."

"ಪತ್ರಿಕೆಯಲ್ಲಿ ಇಲ್ಲ. ನಾನು ನನ್ನ ಕೈಯಾರೆ ಬರೆದದ್ದು."

ಸಲಾಮನೂ ಜೈನಬಮ್ಮನೂ ಹತ್ತಿರ ಬಂದದ್ದು ಕಂಡು ಲಾರಿಯವನು ಬಾಗಿಲೆಳೆದುಕೊಂಡು ಹೊರಟ. ಧೂಳು ತಗ್ಗುವವರೆಗೆ ಊರ್ಮಿಳಾ ಅಲ್ಲೇ ನಿಂತಿದ್ದಳು. ಆಮೇಲೆ ಕೇಳಿದಳು, "ಅಣ್ಣನಿಗೆ ಬರೆದದ್ದು?"

"ಹಾಕಲಿಲ್ಲ. ತ್ಯಾಂಪಣ್ಣನಿಗೆ ಹೆದರಿದೆ. ನಿನ್ನ ಹತ್ತಿರ ಸುಳ್ಳು ಹೇಳಿದೆ."

ಹುಡುಗಿ ಬೈಯುತ್ತಾಳೆ ಎಂದುಕೊಂಡಿದ್ದಳು ಸೀತು. ಬೈದಿದ್ದರೆ ಸುಲಭವಿತ್ತು. ಊರ್ಮಿಳಾ ಮುರಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, "ಹಾಗಾದರೆ ಅಣ್ಣ ಗೊತ್ತಿದ್ದೂ ಸುಮ್ಮನೆ ಕೂತದ್ದಲ್ಲ," ಎಂದಳು. ಮತ್ತೆ ಸೀತುವಿನ ಕಡೆ ನೋಡದೆ ಜೈನಬಮ್ಮನ ಹಿಂದೆ ಹವ್ವಮ್ಮನ ಮನೆಯೊಳಗೆ ಹೋದಳು.

ಸೀತು ಅಂಗಡಿಯ ಬೆಂಚಿನಲ್ಲಿ ಕುಳಿತು ಇನ್‌ಲ್ಯಾಂಡ್ ಬಿಡಿಸಿದಳು. ಅವಸರಕ್ಕೆ ಅಕ್ಷರ ಗೆರೆ ಬಿಟ್ಟು ಓಡಿತು. ತಂಗಿ ಗುಂಡ್ಯದಲ್ಲಿ ಹವ್ವಮ್ಮನ ಮನೆಯಲ್ಲಿ ಇದ್ದಾಳೆ, ಕಾಗದ ಸಿಕ್ಕಿದ ಕೂಡಲೇ ಇನ್ನೊಬ್ಬರನ್ನು ಕರ್ಕೊಂಡು ಬನ್ನಿ ಎಂದು ಕೆಳಗೆ ಸೇರಿಸಿ, ಸಲಾಮನ ಹತ್ತಿರ ನಾಲ್ಕು ಅನ್ನದ ಅಗುಳು ಕೇಳಿ ಅಂಟಿಸಿದಳು.

"ಇನ್ನು ಅಂಚೆಗೆ ಹಾಕಿದರೆ ಯಾವ ಕಾಲಕ್ಕೆ ಮುಟ್ಟುದು?" ಎಂದ ಸಲಾಂ. "ಸುಬ್ರಹ್ಮಣ್ಯದಿಂದ ಬಂದು ಇಲ್ಲೇ ತಿರುಗಿ ಸುಳ್ಯಕ್ಕೆ ಹೋಗುವ ಬಸ್ಸುಂಟು. ಅದೇ ಕೊನೆಯದು. ಕಂಡಕ್ಟರಿಗೆ ಕೊಡಿ."

ಆ ಕಡೆಯ ಬಸ್ಸುಗಳಲ್ಲಿ ಕಾಗದ ಹೋಗುವ ಕ್ರಮ ಸೀತುವಿಗೆ ಗೊತ್ತಿತ್ತು. ಕಂಡಕ್ಟರ್ ಹೆಸರನ್ನೂ ಊರನ್ನೂ ಬಸ್ಸಿಡೀ ಕೇಳುವಂತೆ ಕೂಗುತ್ತಾನೆ. ಆ ಊರಿನವರು ಯಾರಾದರೂ ಕೈ ಎತ್ತಿ ತೆಗೆದುಕೊಂಡು ಹೋಗಿ ಮುಟ್ಟಿಸುತ್ತಾರೆ. ಗುಟ್ಟಿಗೆ ಅಲ್ಲಿ ಜಾಗವಿಲ್ಲ. ಕಡಬದಲ್ಲಿ ಅವಳು ಇದಕ್ಕೂ ಹಿಂಜರಿದದ್ದು ಅದಕ್ಕೇ.

ಬಸ್ಸು ಬಂತು. ಮೊದಲು ಇಳಿದವನು ದೇವದಾಸ.

ಅವನು ಬಾಗಿಲ ಬದಿಯಲ್ಲೇ ನಿಂತು ಸುತ್ತ ನೋಡಿದ, ಅವಳನ್ನು ಕಂಡ.

"ಸೀತಕ್ಕ. ಬೆಳಗ್ಗೆ ಜಗಲಿಯಲ್ಲಿ ಇದ್ದಿರಿ. ಇಲ್ಲಿ ಎಂತ?"

"ಜೈನಬಮ್ಮನ ತಂಗಿಯ ಮನೆಗೆ." ಅದು ಸುಳ್ಳಲ್ಲವಾದ್ದರಿಂದ ಬಾಯಿಗೆ ಬಂತು.

"ಊರ್ಮಿಳಾ ಈ ಕಡೆ ಬಂದದ್ದಂತೆ. ನೀವು ಕಾಣಲಿಲ್ಲವಾ?"

ಬಸ್ಸು ಹಿಂದೆ ಮುಂದೆ ಆಡಿ ತಿರುಗಿ ನಿಂತಿತು. ಕಂಡಕ್ಟರ್ ಬಾಗಿಲಿನಲ್ಲಿ ಜೋತು ಸುಳ್ಯ, ಸುಳ್ಯ ಎಂದು ಕೂಗತೊಡಗಿದ. ದೇವದಾಸ ಆ ಬಾಗಿಲಿಗೂ ಅವಳಿಗೂ ನಡುವೆ ಇದ್ದ. ಸೀತುವಿನ ತಲೆಯೊಳಗೆ ಒಂದಲ್ಲ, ಎರಡು ಕತೆ ಆಗಲೇ ಸಿದ್ಧವಾಗಿದ್ದವು. ಹುಡುಗಿ ಘಾಟಿ ಹತ್ತಿ ಹೋದಳು ಎಂದರೆ ಇವನು ಮೇಲೆ ಹೋಗುತ್ತಾನೆ. ಇದು ನನ್ನ ಸೋದರಮಾವನಿಗೆ ಬರೆದ ಕಾಗದ ಎಂದರೆ ನಂಬುತ್ತಾನೆ. ಆದರೆ ಕಂಡಕ್ಟರ್ ಹೆಸರು ಕೂಗದೆ ಕಾಗದ ಹೋಗುವುದಿಲ್ಲ, ಕೂಗಿದರೆ ಇವನಿಗೂ ಕೇಳುತ್ತದೆ. ಈ ಬಸ್ಸು ಬಿಟ್ಟರೆ ನಾಳೆ. ನಾಳೆಯಷ್ಟರೊಳಗೆ ಇವನು ಅಣ್ಣನನ್ನೂ ಜನರನ್ನೂ ಕರೆದುಕೊಂಡು ಗುಂಡ್ಯದ ಮನೆ ಮನೆ ಹುಡುಕುತ್ತಾನೆ.

ಅವನ ಬದಿಯಿಂದಲೇ ದಾಟಿ ಹೋದಳು. ಅವನ ಅಂಗಿಗೆ ಅವಳ ಭುಜ ತಾಗಿತು. ಅವಳು ಚಾಚಿದ ಕಾಗದವನ್ನು ಕಂಡಕ್ಟರ್ ಬಗ್ಗಿ ತೆಗೆದುಕೊಂಡ.

"ಯಾರಿಗೆ ಅಮ್ಮಾ?"

ಹಿಂದೆ ದೇವದಾಸನ ಚಪ್ಪಲಿ ಜಲ್ಲಿಯ ಮೇಲೆ ಒಂದು ಹೆಜ್ಜೆ ಹತ್ತಿರ ಬಂದದ್ದು ಕೇಳಿಸಿತು.

"ಬೇಗ ಹೇಳಿ ಮಾರಾಯ್ರೆ, ಬಸ್ಸು ಹೊರಡುದು."

"ಮಂಡೆಕೋಲಿಗೆ," ಎಂದಳು ಸೀತು. "ಕಿಟ್ಟಣ್ಣನಿಗೆ. ಅವನ ತಂಗಿಯ ವಿಷಯ. ಇವತ್ತೇ ಮುಟ್ಟಬೇಕು."

ಕಂಡಕ್ಟರ್ ಸೀಟಿ ಊದಿ, ಕಾಗದವನ್ನು ತಲೆಯ ಮೇಲೆ ಎತ್ತಿ ಹಿಡಿದು, ಒಳಕ್ಕೆ ತಿರುಗಿ ಕೂಗಿದ: "ಮಂಡೆಕೋಲಿನವರು ಯಾರುಂಟು? ಕಿಟ್ಟಣ್ಣನಿಗೆ ಕಾಗದ, ತಂಗಿಯ ವಿಷಯ, ಇವತ್ತೇ ಮುಟ್ಟಬೇಕಂತೆ."

ಹಿಂದಿನ ಸೀಟಿನಿಂದ ಒಂದು ಕೈ ಮೇಲೆದ್ದಿತು. ಬಸ್ಸು ಹೊರಟಿತು.