ನಲವತ್ತು ನಿಮಿಷದ ವಿಮಾನ

ವಿಮಾನ ಕಾರ್ಖಾನೆಯ ಮಾರಾಟ ವಿಭಾಗದಲ್ಲಿ ಅವಳಿಗೆ ತಕ್ಕಡಿ ಎಂದು ಹೆಸರು ಬಿದ್ದಿತ್ತು. ತಮ್ಮ ಯುದ್ಧವಿಮಾನವನ್ನೂ ಬೇರೆಯವರ ಯುದ್ಧವಿಮಾನವನ್ನೂ ಪಕ್ಕಪಕ್ಕ ಇಟ್ಟು, ಯಾವುದಕ್ಕೆ ಎಷ್ಟು ಖರ್ಚು, ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ತೂಗಿ ಹೇಳುವುದೇ ಅವಳ ಉದ್ಯೋಗ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಕರೆದಿದ್ದರೂ ಅವಳಿಗೆ ಬೇಜಾರಿರಲಿಲ್ಲ. ತಕ್ಕಡಿಗೇಕೆ ಬೇಜಾರು? ಬೇಜಾರಾಗಬೇಕಾದದ್ದು ತೂಕ ಕಡಿಮೆ ಇರುವವರಿಗೆ.

ಈ ಸಲದ ಗಿರಾಕಿ ಸುತ್ತ ಸಮುದ್ರವಿದ್ದ ಒಂದು ಪುಟ್ಟ ದೇಶ. ಅವರ ವಾಯುಪಡೆಗೆ ಹನ್ನೆರಡು ಹಗುರ ಯುದ್ಧವಿಮಾನ ಬೇಕಾಗಿತ್ತು. ಕಣದಲ್ಲಿ ಉಳಿದವರು ಇಬ್ಬರೇ: ಇವರು, ಮತ್ತು ಎರಡು ಎಂಜಿನ್ನಿನ ವಿಮಾನ ಮಾಡುವ ದೊಡ್ಡ ಕುಳ. ಆರ್ಡರ್ ಕೈತಪ್ಪಿದರೆ ಕೊನೆಯ ಜೋಡಣೆ ನಡೆಯುವ ಶೆಡ್ಡಿಗೆ ಬೀಗ ಬೀಳುವುದು ಖಚಿತ. ಆ ಶೆಡ್ಡಿನ ಮೇಲ್ವಿಚಾರಕಿ ಬೇರೆ ಯಾರೂ ಅಲ್ಲ, ತಕ್ಕಡಿಯ ಸ್ವಂತ ನಾದಿನಿ, ಗಂಡನ ತಂಗಿ. ಇಬ್ಬರೂ ಒಂದೇ ಮನೆಯಲ್ಲಿ ಉಂಡು, ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಬರುವವರು.

ಈ ವ್ಯಾಪಾರಕ್ಕೆ ಒಂದು ಹಳೆಯ ಚಾಳಿಯಿದೆ. ವಿಮಾನ ಎಷ್ಟು ದೂರ ಹೋಗುತ್ತದೆ ಎನ್ನುವಾಗ ರೆಕ್ಕೆಯ ಕೆಳಗೆ ಬರೀ ಇಂಧನದ ಟ್ಯಾಂಕು. ಎಷ್ಟು ಹೊರುತ್ತದೆ ಎನ್ನುವಾಗ ಅದೇ ಜಾಗದಲ್ಲಿ ಬರೀ ಬಾಂಬು. ಎರಡು ಅಂಕಿಗಳನ್ನೂ ಒಂದರ ಕೆಳಗೊಂದು ಅಚ್ಚು ಹಾಕಿಸುತ್ತಾರೆ. ಎರಡೂ ನಿಜವೇ, ಆದರೆ ಒಂದೇ ಹಾರಾಟದಲ್ಲಿ ಎರಡೂ ಆಗುವ ಮಾತಲ್ಲ. ಬರಿಗೈಯಲ್ಲಿ ಓಡಿದವನ ವೇಗವನ್ನೂ ಮೂಟೆ ಹೊತ್ತು ನಿಂತವನ ಬಲವನ್ನೂ ಸೇರಿಸಿ ಒಬ್ಬನೇ ಗಂಡನ್ನು ವರ್ಣಿಸಿದ ಹಾಗೆ. ಎಲ್ಲ ಕಂಪನಿಗಳೂ ಇದನ್ನು ಮಾಡುತ್ತವೆ, ಆದ್ದರಿಂದ ಯಾರಿಗೂ ಇದು ಸುಳ್ಳು ಎನ್ನಿಸುವುದಿಲ್ಲ.

ತಕ್ಕಡಿ ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಗಿರಾಕಿಯ ಕೆಲಸವನ್ನೇ ಎದುರಿಗಿಟ್ಟುಕೊಂಡಳು. ಆಯುಧ ಹೊತ್ತು ಸಮುದ್ರದ ಗಡಿಗೆ ಹೋಗಬೇಕು, ಅಲ್ಲಿ ಕಾವಲು ಸುತ್ತಬೇಕು, ಸುರಕ್ಷಿತವಾಗಿ ಮರಳಬೇಕು. ದೊಡ್ಡ ಕುಳದ ವಿಮಾನ ಗಡಿಯಲ್ಲಿ ತೊಂಬತ್ತು ನಿಮಿಷ ಸುತ್ತಬಲ್ಲದು. ಇವರದು ನಲವತ್ತು.

“ಆ ಸಾಲು ತೆಗೀರಿ,” ಎಂದರು ಮಾರಾಟದ ಮುಖ್ಯಸ್ಥರು. ಅವರ ಮಾತಿನ ಸಿಹಿಗೆ ಕಚೇರಿಯವರು ಜೇನು ಸಾಹೇಬರು ಎಂದು ಹೆಸರಿಟ್ಟಿದ್ದರು. “ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೋಬೇಕಾ?”

“ಇದರ ಕೆಳಗಿನ ಸಾಲನ್ನೂ ಓದಿ ಸಾರ್. ಅವರ ಒಂದು ವಿಮಾನ ಹಾರಿಸೋ ಖರ್ಚಲ್ಲಿ ನಮ್ಮದು ಮೂರು ಹಾರುತ್ತೆ. ಅವರದು ತೊಂಬತ್ತು ನಿಮಿಷ ಸುತ್ತಿ ವಾಪಸ್ ಬಂತು ಅಂದ್ರೆ ಆಕಾಶ ಖಾಲಿ. ನಮ್ಮದು ಒಂದು ಗಡಿ ಬಿಟ್ಟು ಹೊರಡೋ ಹೊತ್ತಿಗೆ ಇನ್ನೊಂದು ಬಂದು ನಿಲ್ಲುತ್ತೆ. ನಲವತ್ತು ಅಂತ ಒಪ್ಪಿಕೊಂಡರೆ ತಾನೇ ಮೂರರ ಮಾತು ಎತ್ತೋಕಾಗೋದು?”

ಜೇನು ಸಾಹೇಬರು ನಿಟ್ಟುಸಿರು ಬಿಟ್ಟರು. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ, ಅಡ್ಡಗೋಡೆಯ ಮೇಲಿನ ದೀಪ.

ಮನೆಯಲ್ಲಿ ನಾದಿನಿಯ ಮುಖ ಊದಿಕೊಂಡಿತ್ತು. ತಟ್ಟೆ ತೊಳೆಯುವ ಸದ್ದಿನಲ್ಲೇ ಅವಳ ಸಿಟ್ಟು ಕೇಳುತ್ತಿತ್ತು.

“ಅತ್ತಿಗೆ, ನನ್ನ ಶೆಡ್ಡಲ್ಲಿ ಇನ್ನೂರು ಜನ ಇದ್ದಾರೆ. ಆ ನಲವತ್ತನ್ನ ಮುಚ್ಚಿಟ್ರೆ ಯಾರಿಗೆ ಗೊತ್ತಾಗುತ್ತೆ?”

“ಮೇಲೆ ಹಾರೋನಿಗೆ ಗೊತ್ತಾಗುತ್ತೆ.”

“ನಿಮಗೆ ನಮಗಿಂತ ಅವನೇ ಹೆಚ್ಚಾದನಾ?”

ಈ ಮಾತು ತಕ್ಕಡಿಗೆ ನಾಟಿತು. ಅವಳಿಗೆ ಅಳು ಬಂತು, ಅತ್ತಳು ಕೂಡ, ಬಚ್ಚಲಿಗೆ ಹೋಗಿ. ಆದರೆ ಮುಖ ತೊಳೆದು ಬಂದವಳು ಹಟ ಬಿಡಲಿಲ್ಲ. “ನಿನ್ನ ಶೆಡ್ಡು ಉಳೀಬೇಕು ಅಂತಾನೇ ಕೇಳ್ತಿದ್ದೀನಿ. ಇಳಿದ ವಿಮಾನಕ್ಕೆ ಇಂಧನ, ಆಯುಧ ತುಂಬಿ ಮತ್ತೆ ಕಳಿಸೋಕೆ ಎಷ್ಟು ಹೊತ್ತು ಬೇಕು?”

“ಇಪ್ಪತ್ತು ನಿಮಿಷ. ಎಷ್ಟು ಸಲ ಅಳೆದಿದ್ದೀವಿ!”

“ಎಲ್ಲಿ ಅಳೆದಿದ್ದೀರಿ?”

“ಇನ್ನೆಲ್ಲಿ, ನಮ್ಮ ಶೆಡ್ಡಲ್ಲಿ.”

“ನಾಳೆ ಬಯಲಲ್ಲಿ ಅಳೆಯೋಣ.”

ಮರುದಿನ ರನ್‌ವೇ ಪಕ್ಕದ ಬಯಲಿಗೆ ವಿಮಾನವನ್ನು ಎಳೆದು ತಂದರು. ಶೆಡ್ಡಿನದೇ ನಾಲ್ವರು ನುರಿತ ಕೆಲಸಗಾರರು ಕೈ ಹಾಕಿದರು. ಇಪ್ಪತ್ತು ನಿಮಿಷ ಕಳೆಯಿತು, ಮೂವತ್ತು ಕಳೆಯಿತು. ಮುಗಿಯುವಷ್ಟರಲ್ಲಿ ನಲವತ್ತೈದು. ನಾದಿನಿ ಸೊಂಟಕ್ಕೆ ಕೈಯಿಟ್ಟು ನೋಡುತ್ತಲೇ ಇದ್ದಳು. ಕೆಲಸ ನಿಧಾನವಾಗಿರಲಿಲ್ಲ. ಏಣಿ ಸಾಲದಾಗಿತ್ತು. ಶೆಡ್ಡಿನಲ್ಲಿ ವಿಮಾನದ ಸುತ್ತ ಕೈಗೊಂದು ಕಾಲಿಗೊಂದು ಎಂಬಂತೆ ಏಣಿಗಳು. ಶೆಡ್ಡು ಹುಟ್ಟಿದಾಗಿನಿಂದ ಅವು ಅಲ್ಲೇ ಇದ್ದುದರಿಂದ ಏಣಿಯೂ ಒಂದು ಸಾಮಾನು ಎಂಬುದನ್ನೇ ಎಲ್ಲರೂ ಮರೆತಿದ್ದರು. ಬಯಲಿನಲ್ಲಿ ಒಂದೇ ಏಣಿಯನ್ನು ಎಡಕ್ಕೆ, ಬಲಕ್ಕೆ, ಮೂತಿಗೆ, ಬಾಲಕ್ಕೆ ಹೊತ್ತು ತಿರುಗಿದ್ದರು.

ತಕ್ಕಡಿ ಲೆಕ್ಕ ಹಾಕಿದಳು. ಗಡಿಗೆ ಹೋಗಲು ಇಪ್ಪತ್ತು ನಿಮಿಷ, ಬರಲು ಇಪ್ಪತ್ತು, ಅಲ್ಲಿ ನಲವತ್ತು, ಇಲ್ಲಿ ನಲವತ್ತೈದು; ಒಟ್ಟು ನೂರ ಇಪ್ಪತ್ತೈದು. ಮೂರು ವಿಮಾನ ಸರದಿಯಲ್ಲಿ ಹಾರಿದರೂ ತುಂಬುವುದು ನೂರ ಇಪ್ಪತ್ತೇ, ಪ್ರತಿ ಸುತ್ತಿಗೆ ಐದು ನಿಮಿಷ ಕಾವಲು ಇಲ್ಲ.

“ಐದೇ ನಿಮಿಷ ಅಲ್ವಾ?” ಎಂದರು ಜೇನು ಸಾಹೇಬರು.

“ಕಳ್ಳನಿಗೆ ಅಷ್ಟೇ ಸಾಕು ಸಾರ್,” ಎಂದಳು ನಾದಿನಿ. ತನ್ನ ಬಾಯಿಂದ ಅತ್ತಿಗೆಯ ಮಾತು ಬಂದದ್ದು ಅವಳಿಗೇ ಹಿಡಿಸಲಿಲ್ಲ. ದುರುದುರು ನೋಡಿ ಶೆಡ್ಡಿನೊಳಕ್ಕೆ ಹೋದಳು.

ಅಂದಿನಿಂದ ಅವಳ ತಲೆಯಲ್ಲಿ ಏಣಿ ಬಿಟ್ಟರೆ ಬೇರೇನೂ ಇರಲಿಲ್ಲ. ವಿಮಾನದ ಹೊಟ್ಟೆಯ ಎರಡೂ ಪಕ್ಕದಲ್ಲಿ ಮಡಚಿಟ್ಟುಕೊಳ್ಳುವ ಮೆಟ್ಟಿಲು ಕೂರಿಸಿದರೆ ಬಯಲಲ್ಲೂ ಏಣಿ ಹುಡುಕುವುದು ಬೇಡ. ಹಗುರ ಲೋಹದ ಮೆಟ್ಟಿಲು, ಅದರ ತೂಕ ಲೆಕ್ಕಕ್ಕೇ ಬಾರದಷ್ಟು ಎಂದು ವಿನ್ಯಾಸದವರು ಮಾತು ಕೊಟ್ಟರು. ತಕ್ಕಡಿ ಅದನ್ನು ನಂಬಿ ನಲವತ್ತನ್ನು ಹಾಗೆಯೇ ಉಳಿಸಿ ಪಟ್ಟಿ ಅಚ್ಚಿಗೆ ಕಳಿಸಿದಳು. ಮೆಟ್ಟಿಲು ಕೂತಿತು. ಮತ್ತೆ ಬಯಲಲ್ಲಿ ಅಳೆದರು. ಇಪ್ಪತ್ತೆರಡು ನಿಮಿಷ. ಕಾವಲಿನ ತೂತು ಮುಚ್ಚಿತು. ಅತ್ತಿಗೆ-ನಾದಿನಿ ಮತ್ತೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರತೊಡಗಿದರು.

ಗಿರಾಕಿ ದೇಶದ ಕಮಾಂಡರ್ ಬಂದ ದಿನ ಸಭೆಯ ಕೋಣೆ ತುಂಬಿತ್ತು. ನೆರೆತ ಕೂದಲು, ಕಡಿಮೆ ಮಾತು. ತಕ್ಕಡಿಯ ಪಟ್ಟಿಯನ್ನು ಅವರು ಎರಡು ಸಲ ಓದಿದರು. ತೊಂಬತ್ತರ ಪಕ್ಕದಲ್ಲಿ ನಲವತ್ತು. ಅಲ್ಲೇ ಬೆರಳಿಟ್ಟರು.

“ಯಾವ ಕಂಪನಿಯೂ ತನ್ನ ವಿಮಾನದ ಬಗ್ಗೆ ಹೀಗೆ ಬರೆದಿದ್ದು ನಾನು ನೋಡಿಲ್ಲ. ಈ ನಲವತ್ತು ಗ್ಯಾರಂಟಿನಾ?”

“ನೂರಕ್ಕೆ ನೂರು ಸಾರ್!” ಎಂದರು ಜೇನು ಸಾಹೇಬರು.

ಕಮಾಂಡರ್ ತಕ್ಕಡಿಯ ಕಡೆ ತಿರುಗಿದರು. ಅವಳು ಹೌದು ಎನ್ನಲು ಬಾಯಿ ತೆರೆದಳು.

“ಮೂವತ್ತೊಂಬತ್ತು,” ಎಂದಿತು ಬಾಗಿಲ ಬಳಿಯಿಂದ ಒಂದು ದನಿ.

ಎಲ್ಲರೂ ತಿರುಗಿದರು. ಶೆಡ್ಡಿನ ಸಮವಸ್ತ್ರದಲ್ಲೇ ನಿಂತಿದ್ದ ನಾದಿನಿಯ ಮುಖ ಕೆಂಪಾಗಿತ್ತು.

“ಹಗುರ ಮೆಟ್ಟಿಲು ಮೊನ್ನೆ ಬಾಗ್ತು ಸಾರ್. ಗಟ್ಟಿಯದು ಹಾಕಿಸಿದೆ. ಇವತ್ತು ಬೆಳಗ್ಗೆ ತೂಗಿದ್ರೆ ಹದಿನೆಂಟು ಕಿಲೋ ಹೆಚ್ಚು. ಏರೋವಾಗ ವಿಮಾನದ ತೂಕಕ್ಕೆ ಒಂದು ಮಿತಿ ಇದೆ. ಮೆಟ್ಟಿಲು ಎಷ್ಟು ಹೆಚ್ಚೋ ಇಂಧನ ಅಷ್ಟು ಕಮ್ಮಿ. ಅಷ್ಟು ಇಂಧನ ಅಂದ್ರೆ ಮೇಲೆ ಒಂದು ನಿಮಿಷ. ಅತ್ತಿಗೆಗೆ... ಮೇಡಂಗೆ ಇದು ಗೊತ್ತಿಲ್ಲ. ಹೇಳೋದಾ ಬೇಡವಾ ಅಂತ ಬೆಳಗ್ಗೆಯಿಂದ ನಾನೇ ಒದ್ದಾಡ್ತಿದ್ದೆ.”

ಜೇನು ಸಾಹೇಬರು ಕಣ್ಣು ಮುಚ್ಚಿಕೊಂಡರು. ಇನ್ನೂರು ಜನರ ಅನ್ನ ಆ ಬಾಗಿಲಲ್ಲಿ ನಿಂತಿತ್ತು, ಅದೇ ಬಾಯಿ ಬಿಟ್ಟು ಮಾತಾಡಿತ್ತು.

“ಒಂದು ನಿಮಿಷಕ್ಕೆ ಇಷ್ಟು ಯಾಕಮ್ಮ?” ಎಂದರು ಕಮಾಂಡರ್.

“ಮೇಲಿರೋರು ನಿಮ್ಮ ಹುಡುಗರು ಸಾರ್. ಇಲ್ಲದ ಆ ನಿಮಿಷವನ್ನ ಅವರು ನಂಬಿದ್ರೆ, ಕೆಳಗಿರೋದು ಸಮುದ್ರ.”

ಕಮಾಂಡರ್ ಪೆನ್ನು ತೆಗೆದು ನಲವತ್ತನ್ನು ಹೊಡೆದುಹಾಕಿ, ಪಕ್ಕದಲ್ಲಿ ಮೂವತ್ತೊಂಬತ್ತು ಎಂದು ಬರೆದರು.

“ಮೂರು ವಿಮಾನದ ಸರದಿ ಇಷ್ಟರಲ್ಲಿ ನಡೆಯುತ್ತಾ?”

“ನಡೆಯುತ್ತೆ ಸಾರ್,” ಎಂದಳು ತಕ್ಕಡಿ. ಅಷ್ಟರಲ್ಲಿ ಮನಸ್ಸಿನಲ್ಲೇ ಮತ್ತೊಮ್ಮೆ ಕೂಡಿಸಿ ಮುಗಿಸಿದ್ದಳು. “ತೂತು ಬೀಳಲ್ಲ.”

“ಹಾಗಾದ್ರೆ ಹನ್ನೆರಡು ವಿಮಾನ. ಗಟ್ಟಿ ಮೆಟ್ಟಿಲಿನ ಸಮೇತ.”

ಕೋಣೆ ಖಾಲಿಯಾದ ಮೇಲೆ ಅತ್ತಿಗೆ-ನಾದಿನಿ ಹೊರಗಿನ ಕಾರಿಡಾರಿನಲ್ಲಿ ನಿಂತರು. ತಕ್ಕಡಿ ನಾದಿನಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಅತ್ತಿಗೆ, ಆ ಮೆಟ್ಟಿಲನ್ನ ಹಗುರ ಮಾಡೇ ಮಾಡ್ತೀನಿ. ಆ ಒಂದು ನಿಮಿಷಾನ ವಾಪಸ್ ತರ್ತೀನಿ, ನೋಡ್ತಿರಿ.”

“ತಂದ ಮೇಲೆ ಹೇಳು,” ಎಂದಳು ತಕ್ಕಡಿ, ಕಣ್ಣೊರೆಸಿಕೊಂಡು. “ಅಲ್ಲೀವರೆಗೂ ಮೂವತ್ತೊಂಬತ್ತೇ.”